ಸಿನಿಮಾ ನೋಡುವುದನ್ನೂ ಕಲಿಸಿದ ಹೆಗ್ಗೋಡಿನ ಸುಬ್ಬಣ್ಣ

ಬ್ಯಾಡಗಿ ಎಂದೊಡನೆ ಮೆಣಸಿನಕಾಯಿ ನೆನಪಾಗುವಂತೆ ಹೆಗ್ಗೋಡು ಎಂದೊಡನೆ ನಾಡಿಗೆ ನೆನಪಾಗುವುದು ನೀನಾಸಂ. ಅದರ ಬೆನ್ನಿಗೇ ಬರುವ ಹೆಸರು ಕೆ.ವಿ.ಸುಬ್ಬಣ್ಣ. ರಂಗಭೂಮಿಗೆ ಅವರು ಸಲ್ಲಿಸಿದ ಸೇವೆ ಕನ್ನಡಿಗರಿಗೆ ಚಿರಪರಿಚಿತ. ಆದರೆ ಅದೇ ಊರಿನಲ್ಲಿ, ಅದೇ ರಂಗಮಂದಿರದ ಛಾವಣಿಯಡಿ ಸಿನಿಮಾಕ್ಕಾಗಿ ಅವರು ನಡೆಸಿದ ಪ್ರಯೋಗದತ್ತ ಹರಿದ ಗಮನ ಕಡಿಮೆ. ಚಿತ್ರ ನಿರ್ದೇಶಕರಲ್ಲದ, ನಿರ್ಮಾಪಕರೂ ಅಲ್ಲದ ಈ ಅಡಿಕೆ ಬೆಳೆಗಾರರು ಸಿನಿಮಾ ಪ್ರೀತಿಸುವವರು ಒಂದೆಡೆ ಕೂಡಿ, ನೋಡಿ, ಚರ್ಚಿಸಿ, ಕಲಿತು ಹೋಗುವ ತಾಣವೊಂದನ್ನು ಮಲೆನಾಡಿನ ಹಳ್ಳಿಯಲ್ಲಿ ಕಟ್ಟಿದರು.

ಈ ಕಥೆಯನ್ನು ಮತ್ತೆ ಹೇಳಲು ಕಾರಣವಿದೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯಂತಹ ಊರುಗಳ ತರುಣರ ಕಿಸೆಯಲ್ಲಿ ಇಂದು ಕ್ಯಾಮೆರಾ ಇದೆ. ಮೊಬೈಲಿನಲ್ಲೇ ಕಿರುಚಿತ್ರ ತೆಗೆದು, ಕಂಪ್ಯೂಟರಿನಲ್ಲಿ ಸಂಕಲನ ಮಾಡಿ, ಆ ದಿನವೇ ಜಗತ್ತಿನ ಮುಂದಿಡಬಹುದು. ಅವರಿಗೆ ಸಿಗದಿರುವುದು ಉಪಕರಣವಲ್ಲ. ತೆಗೆದದ್ದನ್ನು ಕುಳಿತು ನೋಡುವ, ಒಪ್ಪು ತಪ್ಪು ಹೇಳುವ, ಹಿಂದಿನ ದೊಡ್ಡ ಚಿತ್ರಗಳನ್ನು ಪರಿಚಯಿಸುವ ಒಡನಾಟ. ಉಪಕರಣವೇ ಇಲ್ಲದ ಕಾಲದಲ್ಲಿ ಆ ಒಡನಾಟವನ್ನು ಒದಗಿಸಿದವರು ನೆರೆಯ ಶಿವಮೊಗ್ಗ ಜಿಲ್ಲೆಯ ಸುಬ್ಬಣ್ಣ.

ಓದು ಮೈಸೂರಿನಲ್ಲಿ, ಬದುಕು ಊರಿನಲ್ಲಿ

ಕುಂಟಗೋಡು ವಿಭೂತಿ ಸುಬ್ಬಣ್ಣ ಅವರು ಜನಿಸಿದ್ದು 1932ರ ಫೆಬ್ರವರಿ 20ರಂದು, ಸಾಗರ ತಾಲೂಕಿನ ಹೆಗ್ಗೋಡಿನ ಬಳಿಯ ಮುಂಡಿಗೆಸರದಲ್ಲಿ. ಅಡಿಕೆ ತೋಟ, ಯಕ್ಷಗಾನ, ತಾಳಮದ್ದಳೆಗಳ ನಡುವೆ ಬೆಳೆದ ಬಾಲ್ಯ ಅವರದು. ಉನ್ನತ ವ್ಯಾಸಂಗಕ್ಕೆ ಮೈಸೂರಿಗೆ ತೆರಳಿದ ಅವರಿಗೆ ಮಹಾರಾಜ ಕಾಲೇಜಿನಲ್ಲಿ ಕುವೆಂಪು ಅವರ ಶಿಷ್ಯರಾಗುವ ಭಾಗ್ಯ ದೊರೆಯಿತು. ಓದಿದವರು ನಗರದಲ್ಲೇ ನೌಕರಿ ಹಿಡಿಯುವುದು ವಾಡಿಕೆಯಾಗಿದ್ದ ಆ ದಿನಗಳಲ್ಲಿ ಸುಬ್ಬಣ್ಣ ಊರಿಗೆ ಮರಳಿ ತೋಟದ ಕೆಲಸಕ್ಕೆ ನಿಂತರು. ಅವರ ಮುಂದಿನ ಎಲ್ಲ ಕೆಲಸಗಳಿಗೂ ಈ ನಿರ್ಧಾರವೇ ಬುನಾದಿ.

ಅವರ ತಾರುಣ್ಯದ ಕಾಲದಲ್ಲಿ ಸಾಗರ ಸೀಮೆ ಕುದಿಯುತ್ತಿತ್ತು. 1951ರಲ್ಲಿ ಕಾಗೋಡಿನ ಗೇಣಿದಾರರು ನಡೆಸಿದ ಸತ್ಯಾಗ್ರಹ ದೇಶದ ಗಮನ ಸೆಳೆಯಿತು. ರಾಮಮನೋಹರ ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೊಳಗಾದರು. ಶಾಂತವೇರಿ ಗೋಪಾಲಗೌಡರ ನಾಯಕತ್ವದಲ್ಲಿ ಸಮಾಜವಾದಿ ವಿಚಾರ ಮಲೆನಾಡಿನ ಮನೆಮನೆಗೆ ತಲುಪಿತು. ಊರೆಂದರೆ ಹಿಂದುಳಿದ ಜಾಗವಲ್ಲ, ಜಗತ್ತಿನೊಂದಿಗೆ ಸಮಸಮನಾಗಿ ಮಾತನಾಡಬಲ್ಲ ಜಾಗ ಎಂಬ ಸುಬ್ಬಣ್ಣ ಅವರ ನಿಲುವು ಬಲಿತದ್ದು ಈ ವಾತಾವರಣದಲ್ಲಿ.

1949ರಲ್ಲೇ ಹೆಗ್ಗೋಡಿನ ಹಿರಿಯರು, ತರುಣರು ಸೇರಿ ಊರ ದೇವರ ಹೆಸರಿನಲ್ಲಿ ಶ್ರೀ ನೀಲಕಂಠೇಶ್ವರ ನಾಟ್ಯಸೇವಾ ಸಂಘವನ್ನು ಕಟ್ಟಿದ್ದರು. ಅದರ ಮೊದಲಕ್ಷರಗಳೇ ಮುಂದೆ ನೀನಾಸಂ ಎಂಬ ಹೆಸರಾದವು. ಹಬ್ಬ ಹರಿದಿನಗಳಲ್ಲಿ ನಾಟಕವಾಡುವ ನೂರಾರು ಹಳ್ಳಿಸಂಘಗಳಲ್ಲಿ ಒಂದಾಗಿ ಉಳಿಯಬಹುದಾಗಿದ್ದ ಈ ಸಂಘಕ್ಕೆ ಸುಬ್ಬಣ್ಣ ಬೇರೆಯೇ ದಿಕ್ಕು ತೋರಿದರು. 1950ರ ದಶಕದ ಉತ್ತರಾರ್ಧದಲ್ಲಿ ಅವರು ಆರಂಭಿಸಿದ ಅಕ್ಷರ ಪ್ರಕಾಶನ ಕನ್ನಡದ ಮುಖ್ಯ ಪ್ರಕಾಶನ ಸಂಸ್ಥೆಗಳ ಸಾಲಿಗೆ ಸೇರಿತು. 1972ರಲ್ಲಿ ಹೆಗ್ಗೋಡಿನಲ್ಲಿ ಶಿವರಾಮ ಕಾರಂತ ರಂಗಮಂದಿರ ತಲೆಯೆತ್ತಿತು. ಹಳ್ಳಿಯೊಂದಕ್ಕೆ ಸುಸಜ್ಜಿತ ರಂಗಮಂದಿರ ದೊರೆತದ್ದು ಅಂದಿಗೆ ಅಪರೂಪದ ಸಂಗತಿ.

ಗಳಗನಾಥರ ಹಾದಿ

ಜನರ ಬಳಿಗೆ ಕಲೆಯನ್ನು ಹೊತ್ತೊಯ್ಯುವ ಪರಂಪರೆ ಹಾವೇರಿ ಸೀಮೆಗೆ ಹೊಸದಲ್ಲ. ಕನ್ನಡ ಕಾದಂಬರಿಗೆ ಓದುಗರನ್ನು ಸೃಷ್ಟಿಸಿದ ಗಳಗನಾಥರು (1869–1942) ಈ ನೆಲದವರೇ. ಅಗಡಿಯಿಂದ ಹೊರಡುತ್ತಿದ್ದ ಸದ್ಬೋಧ ಚಂದ್ರಿಕೆಯ ಮೂಲಕ ಹೆಸರಾದ ಅವರು, ತಾವು ಬರೆದ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಲೇಖಕ ಪುಸ್ತಕ ಬರೆದರಷ್ಟೇ ಸಾಲದು, ಓದುಗನನ್ನೂ ಬೆಳೆಸಬೇಕು ಎಂಬುದನ್ನು ಅವರು ನಡೆದು ತೋರಿಸಿದರು.

ಪುಸ್ತಕದ ವಿಷಯದಲ್ಲಿ ಗಳಗನಾಥರು ಮಾಡಿದ್ದನ್ನು ಸಿನಿಮಾದ ವಿಷಯದಲ್ಲಿ ಮಾಡಿದವರು ಸುಬ್ಬಣ್ಣ ಎನ್ನಬಹುದು. ಪುಸ್ತಕ ಓದಲು ಅಕ್ಷರ ಕಲಿಯಬೇಕು ಎಂಬುದನ್ನು ಎಲ್ಲರೂ ಒಪ್ಪುತ್ತಾರೆ. ಸಿನಿಮಾ ನೋಡಲು ಕಣ್ಣಿದ್ದರೆ ಸಾಕು ಎಂಬುದು ಸಾಮಾನ್ಯ ನಂಬಿಕೆ. ಸುಬ್ಬಣ್ಣ ಅದನ್ನು ಒಪ್ಪಲಿಲ್ಲ. ದೃಶ್ಯಕ್ಕೂ ವ್ಯಾಕರಣವಿದೆ, ಅದನ್ನು ಅರಿಯದ ಪ್ರೇಕ್ಷಕ ಪೇಟೆಯಿಂದ ಬಂದದ್ದನ್ನೆಲ್ಲ ನುಂಗುವ ಗಿರಾಕಿಯಾಗಿ ಉಳಿಯುತ್ತಾನೆ ಎಂಬುದು ಅವರ ಕೆಲಸದ ಹಿಂದಿದ್ದ ತಿಳುವಳಿಕೆ. ಆ ವ್ಯಾಕರಣವನ್ನು ಕಲಿಯಲು ಪದವಿ ಬೇಕಿಲ್ಲ, ನಗರವಾಸವೂ ಬೇಕಿಲ್ಲ ಎಂಬುದು ಅದರ ಇನ್ನೊಂದು ಮುಖ.

ಹಳ್ಳಿಯಲ್ಲೊಂದು ಚಿತ್ರಸಮಾಜ

ಭಾರತದಲ್ಲಿ ಫಿಲ್ಮ್ ಸೊಸೈಟಿ ಚಳವಳಿ ಮಹಾನಗರಗಳ ಕೂಸು. 1947ರಲ್ಲಿ ಸತ್ಯಜಿತ್ ರಾಯ್, ಚಿದಾನಂದ ದಾಸಗುಪ್ತ ಮೊದಲಾದವರು ಕಲ್ಕತ್ತಾ ಫಿಲ್ಮ್ ಸೊಸೈಟಿ ಕಟ್ಟಿದರು. 1959ರಲ್ಲಿ ಇಂತಹ ಸಂಘಗಳ ಒಕ್ಕೂಟ ಸ್ಥಾಪನೆಯಾಯಿತು. ಬೆಂಗಳೂರಿನಲ್ಲಿ 1971ರಲ್ಲಿ ಸುಚಿತ್ರಾ ಆರಂಭವಾಯಿತು. ಇವುಗಳ ಸದಸ್ಯರು ಬಹುತೇಕ ಇಂಗ್ಲಿಷ್ ಬಲ್ಲ ನಗರವಾಸಿಗಳು. ಹೀಗಿರುವಾಗ 1973ರಲ್ಲಿ ಹೆಗ್ಗೋಡಿನಲ್ಲಿ ನೀನಾಸಂ ಚಿತ್ರಸಮಾಜ ಹುಟ್ಟಿಕೊಂಡಿತು. ಅಡಿಕೆ ತೋಟದ ನಡುವೆ ಫಿಲ್ಮ್ ಸೊಸೈಟಿ ಎಂಬ ಕಲ್ಪನೆಯೇ ಹಲವರಿಗೆ ವಿಚಿತ್ರವಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ.

ಕಾಲ ಮಾತ್ರ ಅನುಕೂಲವಾಗಿತ್ತು. 1970ರಲ್ಲಿ ‘ಸಂಸ್ಕಾರ’ ಸೆನ್ಸಾರ್ ಮಂಡಳಿಯ ಅಡ್ಡಿಯನ್ನು ದಾಟಿ ರಾಷ್ಟ್ರದ ಶ್ರೇಷ್ಠ ಚಿತ್ರವೆಂಬ ಪ್ರಶಸ್ತಿ ಪಡೆದಿತ್ತು. ‘ವಂಶವೃಕ್ಷ’, ‘ಕಾಡು’, ‘ಚೋಮನ ದುಡಿ’ ಒಂದರ ಹಿಂದೊಂದು ಬಂದವು. ದೊಡ್ಡ ಬಂಡವಾಳ, ತಾರೆಗಳ ಹಂಗಿಲ್ಲದೆ ಸ್ವತಂತ್ರವಾಗಿ ಚಿತ್ರ ತೆಗೆಯುವವರ ತಲೆಮಾರು ಕನ್ನಡದಲ್ಲಿ ಮೂಡಿತ್ತು. ಪ್ರಶಸ್ತಿ ಬಂದರೂ ಈ ಚಿತ್ರಗಳಿಗೆ ಟಾಕೀಸು ಸಿಗುವುದು ಕಷ್ಟವಾಗಿತ್ತು. ಸಿಕ್ಕರೂ ಪ್ರೇಕ್ಷಕರು ಬರುವುದು ಖಾತ್ರಿಯಿರಲಿಲ್ಲ. ಹೊಸ ಅಲೆಗೆ ನಿರ್ದೇಶಕರು ಸಿಕ್ಕಿದ್ದರು, ಪ್ರೇಕ್ಷಕರು ಇನ್ನೂ ಸಿಕ್ಕಿರಲಿಲ್ಲ. ಆ ಕೊರತೆಯನ್ನು ತುಂಬುವತ್ತ ಸುಬ್ಬಣ್ಣ ಹೆಜ್ಜೆಯಿಟ್ಟರು.

ಅವರ ನೆರವಿಗೆ ಬಂದದ್ದು ಪುಣೆ. 1960ರಲ್ಲಿ ಅಲ್ಲಿನ ಹಳೆಯ ಪ್ರಭಾತ್ ಸ್ಟುಡಿಯೋದ ಆವರಣದಲ್ಲಿ ಫಿಲ್ಮ್ ಇನ್‌ಸ್ಟಿಟ್ಯೂಟ್ ಆರಂಭವಾಗಿತ್ತು. 1964ರಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಸ್ಥಾಪನೆಗೊಂಡಿತ್ತು. ಇನ್‌ಸ್ಟಿಟ್ಯೂಟಿನ ಚಿತ್ರ ರಸಗ್ರಹಣ ಪ್ರಾಧ್ಯಾಪಕ ಸತೀಶ್ ಬಹಾದುರ್ ಹಾಗೂ ಸಂಗ್ರಹಾಲಯದ ಪಿ.ಕೆ.ನಾಯರ್ ಇಬ್ಬರೂ ಒಳ್ಳೆಯ ಚಿತ್ರಗಳು ನಗರದ ಡಬ್ಬಿಗಳಲ್ಲಿ ಕೊಳೆಯಬಾರದೆಂದು ಬಯಸಿದವರು. ಹೆಗ್ಗೋಡಿನ ಪ್ರಯೋಗಕ್ಕೆ ಅವರು ಬೆಂಬಲವಾಗಿ ನಿಂತರು.

ಚಿತ್ರಗಳು ಹಳ್ಳಿ ತಲುಪಲು 16 ಎಂ.ಎಂ. ಫಿಲ್ಮ್ ಸಾಧನವಾಯಿತು. ಟಾಕೀಸುಗಳಲ್ಲಿ ಬಳಸುತ್ತಿದ್ದ 35 ಎಂ.ಎಂ. ಫಿಲ್ಮಿಗೆ ಭಾರವಾದ ಯಂತ್ರ, ಪ್ರತ್ಯೇಕ ಕೊಠಡಿ ಬೇಕು. 16 ಎಂ.ಎಂ. ಪ್ರೊಜೆಕ್ಟರನ್ನು ಒಬ್ಬರೇ ಎತ್ತಿಕೊಂಡು ಹೋಗಬಹುದು. ಕರೆಂಟು, ಬಿಳಿಯ ಪರದೆ ಇದ್ದರೆ ಶಾಲೆಯ ಕೊಠಡಿಯೂ ಚಿತ್ರಮಂದಿರವಾಗುತ್ತದೆ. ನಾನೂರು ಅಡಿಯ ಒಂದು ರೀಲು ಸುಮಾರು 11 ನಿಮಿಷ ಓಡುತ್ತದೆ. ದೊಡ್ಡ ಸುರುಳಿಗಳಾದರೆ ಮೂರರಲ್ಲಿ ಎರಡು ತಾಸಿನ ಚಿತ್ರವೇ ಅಡಕ. ಒಂದು ಬಸ್ಸಿನಲ್ಲಿ ಒಂದು ಚಿತ್ರೋತ್ಸವವನ್ನೇ ಸಾಗಿಸಬಹುದಾದ ಈ ಅನುಕೂಲವನ್ನು ಸುಬ್ಬಣ್ಣ ಪೂರ್ಣವಾಗಿ ಬಳಸಿಕೊಂಡರು.

ರೈತರು ಕಂಡ ಕುರೊಸಾವಾ

1970ರ ದಶಕದ ಕೊನೆಯ ವರ್ಷಗಳಲ್ಲಿ ಹೆಗ್ಗೋಡಿನ ಜನ ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ಕಂಡರು. ರಾಯ್ ಅವರ ‘ಪಥೇರ್ ಪಾಂಚಾಲಿ’, ಇಟಲಿಯ ಡಿ ಸಿಕಾ ನಿರ್ದೇಶನದ ‘ಬೈಸಿಕಲ್ ಥೀವ್ಸ್’, ಜಪಾನಿನ ಕುರೊಸಾವಾ ಅವರ ‘ರಾಶೊಮಾನ್’ ಮೊದಲಾದವು ರೈತರು, ಕೂಲಿಕಾರರು, ಗೃಹಿಣಿಯರ ಮುಂದೆ ಓಡಿದವು. ಹಳ್ಳಿಗರಿಗೆ ಇವು ಅರ್ಥವಾಗಲಾರವು ಎಂಬ ವಿದ್ಯಾವಂತರ ಅನುಮಾನವನ್ನು ಪರೀಕ್ಷೆಗೆ ಒಡ್ಡಿದ ಪ್ರಯೋಗವಿದು.

ಅನುಮಾನ ನಿಲ್ಲಲಿಲ್ಲ. ಸೈಕಲ್ ಕಳೆದುಕೊಂಡ ಕೂಲಿಕಾರನ ಸಂಕಟ ಅರಿಯಲು ರೋಮ್ ನಗರವನ್ನು ಕಂಡಿರಬೇಕಾಗಿಲ್ಲ. ಬಡ ಪುರೋಹಿತನ ಮನೆಯ ಸಾವು ನೋವು ಮಲೆನಾಡಿಗರಿಗೆ ದೂರದ ಕಥೆಯಲ್ಲ. ಒಂದೇ ಘಟನೆಯನ್ನು ನಾಲ್ವರು ನಾಲ್ಕು ಬಗೆಯಾಗಿ ಹೇಳುವ ‘ರಾಶೊಮಾನ್’ನ ಜಾಣ್ಮೆ, ತಾಳಮದ್ದಳೆಯಲ್ಲಿ ಒಂದೇ ಪ್ರಸಂಗವನ್ನು ಅರ್ಥಧಾರಿಗಳು ಬೇರೆ ಬೇರೆಯಾಗಿ ವಾದಿಸುವುದನ್ನು ಕೇಳಿ ಬೆಳೆದ ಕಿವಿಗಳಿಗೆ ತೀರಾ ಅಪರಿಚಿತವೇನೂ ಅಲ್ಲ. ಕಲೆಯನ್ನು ಸವಿಯುವ ಶಕ್ತಿ ಜನರಲ್ಲಿ ಮೊದಲೇ ಇದೆ, ಅವಕಾಶವಷ್ಟೇ ಇಲ್ಲ ಎಂಬ ಸುಬ್ಬಣ್ಣ ಅವರ ನಂಬಿಕೆಗೆ ಇದು ಬಲ ತಂದಿತು.

ಇದರ ಜೊತೆಗೇ ಚಿತ್ರ ರಸಗ್ರಹಣ ಶಿಬಿರಗಳು ಆರಂಭವಾದವು. ರಾಜ್ಯದ ವಿವಿಧೆಡೆಯಿಂದ ಬಂದ ಅಧ್ಯಾಪಕರು, ವಿದ್ಯಾರ್ಥಿಗಳು, ಲೇಖಕರು, ಚಿತ್ರಾಸಕ್ತರು ಹಲವು ದಿನ ಹೆಗ್ಗೋಡಿನಲ್ಲಿ ತಂಗಿ ಚಿತ್ರಗಳನ್ನು ನೋಡಿದರು. ಸತೀಶ್ ಬಹಾದುರ್ ಅವರ ಪಾಠದ ಕ್ರಮ ವಿಶಿಷ್ಟವಾದದ್ದು. ಚಿತ್ರವನ್ನು ಇಡಿಯಾಗಿ ತೋರಿಸಿದ ಬಳಿಕ ಅದನ್ನು ದೃಶ್ಯ ದೃಶ್ಯವಾಗಿ, ಶಾಟ್ ಶಾಟ್ ಆಗಿ ಬಿಡಿಸಿ, ಕ್ಯಾಮೆರಾ ಏಕೆ ಅಲ್ಲಿ ನಿಂತಿತು, ಶಬ್ದ ಏಕೆ ಆಗ ಕೇಳಿಸಿತು, ಮೌನ ಏಕೆ ಬಂತು ಎಂದು ವಿವರಿಸುವುದು. ಅದರಲ್ಲೂ ‘ಪಥೇರ್ ಪಾಂಚಾಲಿ’ಯ ರಚನೆಯನ್ನು ಅವರಂತೆ ಬಿಡಿಸಿಟ್ಟವರು ವಿರಳ. ವಿಮರ್ಶಕ ಟಿ.ಜಿ.ವೈದ್ಯನಾಥನ್ ಮುಂತಾದವರ ಉಪನ್ಯಾಸಗಳೂ ಹೆಗ್ಗೋಡಿಗೆ ಬಂದವರಿಗೆ ದೊರೆತವು. ಸಿನಿಮಾ ಕುರಿತ ಪುಸ್ತಕಗಳು ಅಕ್ಷರ ಪ್ರಕಾಶನದಿಂದ ಕನ್ನಡದಲ್ಲೇ ಬಂದದ್ದರಿಂದ ಕಲಿಕೆ ಶಿಬಿರದ ದಿನಗಳಿಗೆ ಸೀಮಿತವಾಗಲಿಲ್ಲ.

ಇಂತಹ ತಾಣಗಳು ಜಗತ್ತಿನ ಬೇರೆಡೆಯೂ ಇದ್ದವು. ಸಾಕ್ಷ್ಯಚಿತ್ರದ ಆದ್ಯರಲ್ಲಿ ಒಬ್ಬರಾದ ರಾಬರ್ಟ್ ಫ್ಲಾಹರ್ಟಿ ತೀರಿಕೊಂಡ ಬಳಿಕ ಅವರ ಪತ್ನಿ ಫ್ರಾನ್ಸಿಸ್ 1955ರಲ್ಲಿ ಅಮೆರಿಕದ ವರ್ಮಾಂಟಿನ ತಮ್ಮ ಜಮೀನಿನಲ್ಲೇ ಚಿತ್ರ ತಯಾರಕರನ್ನು ಕೂಡಿಸಿ ವಿಚಾರಗೋಷ್ಠಿ ಆರಂಭಿಸಿದರು. ನಟ ರಾಬರ್ಟ್ ರೆಡ್‌ಫರ್ಡ್ ಯೂಟಾ ಪರ್ವತಗಳ ನಡುವೆ ಸ್ವತಂತ್ರ ಚಿತ್ರ ತಯಾರಕರಿಗಾಗಿ ಸನ್‌ಡಾನ್ಸ್ ಸಂಸ್ಥೆಯ ಕಲಿಕಾ ಶಿಬಿರ ನಡೆಸಿದ್ದು 1981ರಲ್ಲಿ. ಪೇಟೆಯ ಗದ್ದಲದಿಂದ ದೂರ ಹೋಗಿ ಚಿತ್ರದ ಬಗ್ಗೆ ನೆಮ್ಮದಿಯಿಂದ ಯೋಚಿಸಬೇಕು ಎಂಬ ಆಶಯ ಮೂರೂ ಕಡೆ ಒಂದೇ. ವ್ಯತ್ಯಾಸವೂ ಇದೆ. ಅಲ್ಲಿ ಕೂಡುತ್ತಿದ್ದವರು ಮುಖ್ಯವಾಗಿ ಚಿತ್ರ ತೆಗೆಯುವವರು. ಹೆಗ್ಗೋಡಿನಲ್ಲಿ ತೆಗೆಯುವವರಿಗೂ ನೋಡುವವರಿಗೂ ಒಂದೇ ಚಾಪೆ. ಊರಿನವರು ಅಲ್ಲಿ ಅತಿಥಿಗಳಲ್ಲ, ಆತಿಥೇಯರು.

ಊರಿಂದ ಊರಿಗೆ

1980ರಲ್ಲಿ ನೀನಾಸಂ ರಂಗಶಿಕ್ಷಣ ಕೇಂದ್ರ ಆರಂಭವಾಯಿತು. 1983ರಿಂದ 1985ರವರೆಗೆ ಫೋರ್ಡ್ ಫೌಂಡೇಶನ್ ನೆರವಿನಿಂದ ಜನಸ್ಪಂದನ ಯೋಜನೆ ನಡೆಯಿತು. ರಾಜ್ಯದ ಹಲವು ಹಳ್ಳಿಗಳಲ್ಲಿ ರಂಗ ತರಬೇತಿ ಶಿಬಿರಗಳ ಜೊತೆ ಚಿತ್ರೋತ್ಸವಗಳೂ ಏರ್ಪಟ್ಟವು. ಹೆಗ್ಗೋಡಿಗೆ ಬರಲಾಗದವರ ಊರಿಗೇ ಪ್ರೊಜೆಕ್ಟರು ಹೋಯಿತು. 1985ರಲ್ಲಿ ತಿರುಗಾಟ ನಾಟಕ ತಂಡ ಸಂಚಾರ ಹೊರಟಿತು. ವೃತ್ತಿ ಕಂಪನಿಗಳು ಸೊರಗುತ್ತಿದ್ದ ಕಾಲದಲ್ಲಿ ಉತ್ತರ ಕರ್ನಾಟಕವೂ ಸೇರಿದಂತೆ ನಾಡಿನ ಸಣ್ಣ ಊರುಗಳಿಗೆ ಅದು ಹೊಸ ನಾಟಕಗಳನ್ನು ತಂದಿತು.

ವಿದೇಶಿ ಸಂಸ್ಥೆಯ ಹಣ ಪಡೆದದ್ದಕ್ಕೆ ಟೀಕೆ ಬಾರದಿರಲಿಲ್ಲ. ಹೊರಗಿನ ನೆರವಿನಿಂದ ಕಟ್ಟಿದ್ದು ಊರಿನದಾಗಿ ಉಳಿದೀತೇ ಎಂಬ ಪ್ರಶ್ನೆ ಸಹಜವಾದದ್ದೇ. ಜನಸ್ಪಂದನದ ಅವಧಿ ಮುಗಿದ ಬಳಿಕವೂ ತಿರುಗಾಟ ಮುಂದುವರಿದು ಆ ಪ್ರಶ್ನೆಗೆ ಒಂದು ಮಟ್ಟಿಗೆ ಉತ್ತರವಾಯಿತು. ಆದರೆ ಸಿನಿಮಾದ ಮಟ್ಟಿಗೆ ಕಾಲ ಅಷ್ಟು ಉದಾರವಾಗಿರಲಿಲ್ಲ. 1982ರಲ್ಲಿ ದೂರದರ್ಶನಕ್ಕೆ ಬಣ್ಣ ಬಂತು. ಆ ದಶಕ ಮುಗಿಯುವಷ್ಟರಲ್ಲಿ ವಿಡಿಯೋ ಕ್ಯಾಸೆಟ್ ಮನೆಮನೆಗೆ ನುಗ್ಗಿತು. ಒಟ್ಟಾಗಿ ಕತ್ತಲಲ್ಲಿ ಕುಳಿತು ನೋಡುವ ಅಭ್ಯಾಸವೇ ಸಡಿಲಗೊಂಡಿತು. 16 ಎಂ.ಎಂ. ಯಂತ್ರಗಳು ಕ್ರಮೇಣ ಮೂಲೆ ಸೇರಿದವು.

ಸುಬ್ಬಣ್ಣ ಇದಕ್ಕೆ ಕಂಡುಕೊಂಡ ದಾರಿ ಬಾಗಿಲು ಮುಚ್ಚುವುದಲ್ಲ, ಅಗಲಿಸುವುದು. ಚಿತ್ರ ರಸಗ್ರಹಣ ಶಿಬಿರವೇ ಕಾಲಕ್ರಮೇಣ ಸಂಸ್ಕೃತಿ ಶಿಬಿರವಾಗಿ ಬೆಳೆಯಿತು. ಸಿನಿಮಾ, ನಾಟಕ, ಸಾಹಿತ್ಯ, ಸಂಗೀತ, ಸಮಾಜಚಿಂತನೆ ಒಂದೇ ವೇದಿಕೆಗೆ ಬಂದವು. ಅಕ್ಟೋಬರ್ ತಿಂಗಳ ಈ ಶಿಬಿರಕ್ಕೆ ಹೋಗಿಬರುವುದು ಕನ್ನಡದ ಅನೇಕ ಲೇಖಕರಿಗೆ, ಅಧ್ಯಾಪಕರಿಗೆ, ಕಲಾವಿದರಿಗೆ ವರ್ಷದ ಯಾತ್ರೆಯಂತಾಯಿತು. ಇದರಲ್ಲಿ ಲಾಭವೂ ಇತ್ತು, ನಷ್ಟವೂ ಇತ್ತು. ಸಿನಿಮಾವನ್ನು ಉಳಿದ ಕಲೆಗಳಿಂದ ಬೇರ್ಪಡಿಸದೆ ನೋಡುವ ವಿಶಾಲತೆ ಬಂತು. ಆದರೆ ಸಿನಿಮಾ ಒಂದನ್ನೇ ಹಿಡಿದು ದಿನಗಟ್ಟಲೆ ಕೂರುತ್ತಿದ್ದ ಏಕಾಗ್ರತೆ ಹಂಚಿಹೋಯಿತು. ಸುಬ್ಬಣ್ಣ ಅವರ ರಂಗಸೇವೆ ಜನಮನದಲ್ಲಿ ಉಳಿದಷ್ಟು ಗಟ್ಟಿಯಾಗಿ ಅವರ ಚಿತ್ರಸೇವೆ ಉಳಿಯದಿರಲು ಇದೂ ಒಂದು ಕಾರಣವಿರಬೇಕು.

ಮನ್ನಣೆ ಮತ್ತು ಚಿಂತನೆ

1991ರಲ್ಲಿ ಪತ್ರಿಕೋದ್ಯಮ, ಸಾಹಿತ್ಯ ಮತ್ತು ಸೃಜನಶೀಲ ಸಂವಹನ ಕಲೆಗಳ ವಿಭಾಗದಲ್ಲಿ ರೇಮನ್ ಮ್ಯಾಗ್ಸೆಸೆ ಪ್ರಶಸ್ತಿ ಸುಬ್ಬಣ್ಣ ಅವರನ್ನು ಅರಸಿ ಬಂತು. ಏಷ್ಯಾದ ಈ ದೊಡ್ಡ ಗೌರವ ಹಳ್ಳಿಯಲ್ಲೇ ಉಳಿದು ದುಡಿದವರೊಬ್ಬರಿಗೆ ಸಂದದ್ದು ನಾಡಿನ ಸಣ್ಣ ಊರುಗಳಿಗೆಲ್ಲ ಹೆಮ್ಮೆ ತಂದಿತು. 2003ರಲ್ಲಿ ‘ಕವಿರಾಜಮಾರ್ಗ ಮತ್ತು ಕನ್ನಡ ಜಗತ್ತು’ ಕೃತಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ದೊರೆಯಿತು. ಒಂಬತ್ತನೆಯ ಶತಮಾನದ ಆ ಪ್ರಾಚೀನ ಗ್ರಂಥದಲ್ಲಿ ಅವರು ಕಂಡದ್ದು ಲೋಕದೊಳಗೆ ಬೆರೆತೂ ತನ್ನತನವನ್ನು ಬಿಟ್ಟುಕೊಡದ ಕನ್ನಡವನ್ನು. ರಾಶೊಮಾನ್ ಹೆಗ್ಗೋಡಿಗೆ ಬಂದದ್ದೂ, ಕಾಳಿದಾಸನ ಶಾಕುಂತಲ ಅವರ ಕೈಯಲ್ಲಿ ‘ಲೋಕ ಶಾಕುಂತಲ’ವಾದದ್ದೂ ಈ ಚಿಂತನೆಯ ಪ್ರತ್ಯಕ್ಷ ರೂಪಗಳೇ.

ಅವರ ಸೋದರಳಿಯ ಗಿರೀಶ್ ಕಾಸರವಳ್ಳಿ ಔಷಧ ವಿಜ್ಞಾನ ಓದಿ, ಬಳಿಕ ಪುಣೆಯ ಇನ್‌ಸ್ಟಿಟ್ಯೂಟ್ ಸೇರಿ, 1977ರ ‘ಘಟಶ್ರಾದ್ಧ’ ಚಿತ್ರಕ್ಕೆ ಸ್ವರ್ಣಕಮಲ ಪಡೆದರು. ಮುಂದೆ ‘ತಬರನ ಕಥೆ’, ‘ತಾಯಿ ಸಾಹೇಬ’, ‘ದ್ವೀಪ’ ಚಿತ್ರಗಳಿಗೂ ಅದೇ ಗೌರವ ಸಂದಿತು. ಅವರ ಪ್ರತಿಭೆ ಅವರದೇ. ಆದರೆ ಕಲೆಯನ್ನು ಜೀವನದ ಗಂಭೀರ ಕೆಲಸವೆಂದು ಎಣಿಸುವ ಮನೆತನದ ನೆರಳು ಎಂತಹ ಫಲ ನೀಡಬಲ್ಲದು ಎಂಬುದಕ್ಕೆ ಇದು ನಿದರ್ಶನ. ನೀನಾಸಂನಲ್ಲಿ ಕಲಿತ ಅಚ್ಯುತ್ ಕುಮಾರ್, ಸತೀಶ್ ನೀನಾಸಂ ಮೊದಲಾದವರು ಕನ್ನಡ ಚಿತ್ರರಂಗದ ಬೇಡಿಕೆಯ ನಟರಾದರು.

2005ರ ಜುಲೈ 16ರಂದು ಹೆಗ್ಗೋಡಿನಲ್ಲಿ ಸುಬ್ಬಣ್ಣ ಕೊನೆಯುಸಿರೆಳೆದರು. ಅವರಿಗೆ 73 ವರ್ಷ. ಸಂಸ್ಥೆಯ ಹೊಣೆಯನ್ನು ಪುತ್ರ, ರಂಗನಿರ್ದೇಶಕ ಕೆ.ವಿ.ಅಕ್ಷರ ಹಾಗೂ ಒಡನಾಡಿಗಳು ಮುಂದುವರಿಸಿದರು.

ಹಾವೇರಿ ಜಿಲ್ಲೆಗೂ ಈ ಮಾದರಿ ಅನ್ಯವಾದದ್ದಲ್ಲ. ಹಾನಗಲ್ಲ ತಾಲೂಕಿನ ಶೇಷಗಿರಿ ಎಂಬ ಪುಟ್ಟ ಊರು ಹೊಸ ನಾಟಕಗಳಿಂದ ನಾಡಿನಲ್ಲಿ ಹೆಸರು ಮಾಡಿದೆ. ಊರಿನವರೇ ಮನಸ್ಸು ಮಾಡಿದರೆ ರಂಗಮಂದಿರವೂ ಆಗುತ್ತದೆ, ಪ್ರೇಕ್ಷಕರೂ ಆಗುತ್ತಾರೆ ಎಂಬುದಕ್ಕೆ ಸಾಕ್ಷಿ ಇಲ್ಲಿಯೇ ಇದೆ. ಸಿನಿಮಾಕ್ಕೆ ಆ ಭಾಗ್ಯ ಇನ್ನೂ ಬರಬೇಕು. 1973ರಲ್ಲಿ ಸುಬ್ಬಣ್ಣ ಅವರ ಮುಂದಿದ್ದ ತೊಡಕುಗಳಲ್ಲಿ ಹಲವು ಇಂದು ಇಲ್ಲ. ಪುಣೆಯಿಂದ ರೀಲು ತರಿಸಬೇಕಿಲ್ಲ, ಯಂತ್ರ ಹೊರಬೇಕಿಲ್ಲ. ಬ್ಯಾಡಗಿಯ ಶಾಲೆಯೊಂದರ ಕೊಠಡಿ, ಒಂದು ಪರದೆ, ತಿಂಗಳಿಗೊಂದು ಸಂಜೆ, ಹತ್ತಾರು ಆಸಕ್ತರು ಇದ್ದರೆ ಕೆಲಸ ಶುರುವಾಗುತ್ತದೆ. ಆ ಸಂಜೆಯನ್ನು ತಪ್ಪದೆ ವರ್ಷಗಟ್ಟಲೆ ನಡೆಸಿಕೊಂಡು ಹೋಗುವ ಒಬ್ಬರು ಬೇಕು. ಹೆಗ್ಗೋಡಿಗೆ ಅಂತಹವರು ಸಿಕ್ಕಿದ್ದರು.